ಡೇಟ್ ಮುಗಿದ ರವೆ, ಬೂಸ್ಟು ಬಂದ ಶೇಂಗಾ, ಏನ್ ಮಾಡೋದು?

ನಮ್ದು ಶಿರಸಿ ಹತ್ರ ಹಳ್ಳಿ. ಮಳೆಗಾಲಕ್ಕೆ ಅಂತ ತಂದಿಟ್ಟ ಸಾಮಾನು ಇವತ್ತು ತೆಗೆದ್ರೆ ರವೆ ಪ್ಯಾಕೆಟ್‌ನ ಬೆಸ್ಟ್ ಬಿಫೋರ್ ಮುಗಿದು 1 ತಿಂಗಳಾಗಿದೆ, ಒಡೆದಿಲ್ಲ ಇನ್ನೂ. ಶೇಂಗಾ ಡಬ್ಬಿ ಅಡೀಲಿ ಹಸಿರು ಬೂಸ್ಟು. ಅತ್ತೆ 'ಹುರಿದ್ರೆ ಸರಿಯಾಗ್ತು' ಹೇಳ್ತಾರೆ, ಮನೇಲಿ ಸಣ್ಣ ಮಗು ಇದೆ, ಹೆದ್ರಿಕೆ ಆಗ್ತಿದೆ.

ಉತ್ತರ 1:
ಅಕ್ಕಾ, ಶೇಂಗಾ ದಯವಿಟ್ಟು ಪೂರ್ತಿ ಎಸೀರಿ, ಚೆನ್ನಾಗಿರೋದು ಆರಿಸ್ಕೊಳ್ಳೋಣ ಅಂತಾನೂ ಬೇಡ. ಆ ಬೂಸ್ಟಿಂದ ಅಫ್ಲಾಟಾಕ್ಸಿನ್ ಅನ್ನೋ ವಿಷ ಆಗಿರಬಹುದು, ಲಿವರ್‌ಗೆ ತುಂಬಾ ಕೆಟ್ಟದ್ದು, ಹುರಿದ್ರೂ ಪೂರ್ತಿ ಹೋಗಲ್ಲ. ದನಕ್ಕೂ ಹಾಕ್ಬೇಡಿ, ಹಾಲಲ್ಲಿ ಬರ್ತದೆ.

ಉತ್ತರ 2:
ಕಾರವಾರದಿಂದ. ಬೆಸ್ಟ್ ಬಿಫೋರ್ ಅಂದ್ರೆ ರುಚಿ, ಘಮ ಅಲ್ಲಿವರೆಗೆ ಚೆನ್ನಾಗಿರ್ತದೆ ಅಂತ, ಮರುದಿನವೇ ವಿಷ ಆಗಲ್ಲ. ಯೂಸ್ ಬೈ ಅಂತಿದ್ರೆ ಮಾತ್ರ ಮುಟ್ಬೇಡಿ. ರವೆನ ಮೊರದಲ್ಲಿ ಹರಡಿ ನೋಡಿ, ಕಾಳು ಕಾಳು ನೂಲಲ್ಲಿ ಪೋಣಿಸಿದ ಹಾಗೆ ಅಂಟ್ಕೊಂಡಿದ್ರೆ ಹುಳ ಆಗಿದೆ ಅಂತ್ಲೇ ಲೆಕ್ಕ, ಮುಗ್ಗಲು ವಾಸನೆ ಬಂದ್ರೂ ಬೇಡ.

ಕೇಳಿದವಳು:
ಶೇಂಗಾ ಗುಂಡಿಗೆ ಹಾಕಿ ಮುಚ್ಚಿದೆ. ರವೆ ಉದುರುದುರಾಗಿದೆ, ವಾಸನೆ ಇಲ್ಲ, ಈಗ್ಲೇ ಹುರಿದಿಟ್ಟೆ.