‘ರಾಜೀನಾಮೆ ಬರೆದುಕೊಡಿ’ ಅಂತಿದ್ದಾರೆ, ಬರೀಬೇಕಾ?

ಪ್ರಶ್ನೆ: ನಮಸ್ಕಾರ ಸರ್. ಮೈಸೂರು ರಸ್ತೆಯ ಒಂದು ಗಾರ್ಮೆಂಟ್ಸ್‌ನಲ್ಲಿ ಟೈಲರ್ ಆಗಿದ್ದೀನಿ. ಒಂಬತ್ತು ವರ್ಷ ಎರಡು ತಿಂಗಳ ಸರ್ವೀಸು. ಬೇಸಿಕ್, ಡಿಎ ಸೇರಿ ಸಂಬಳ 13,000. ನಾವು ಒಟ್ಟು 450 ಜನ. ಯೂನಿಟ್ಟನ್ನು ಬೇರೆ ಜಿಲ್ಲೆಗೆ ಸಾಗಿಸ್ತಾರಂತೆ, ಎರಡು ಲೈನಿನ ಮೆಷಿನ್ನು ಆಗಲೇ ಲಾರಿ ಹತ್ತಿದವು. ಎಚ್‌ಆರ್‌ನವರು ಒಬ್ಬೊಬ್ಬರನ್ನೇ ರೂಮಿಗೆ ಕರೆದು ಬಿಳಿ ಹಾಳೆ ಕೊಟ್ಟು, ‘ಮನೆ ತಾಪತ್ರಯಕ್ಕೆ ಸ್ವಂತ ಇಚ್ಛೆಯಿಂದ ಕೆಲಸ ಬಿಡ್ತಿದ್ದೀನಿ ಅಂತ ನಿಮ್ಮ ಕೈಯಲ್ಲೇ ಬರೀರಿ, ಶನಿವಾರದೊಳಗೆ ಬರೆದರೆ 20,000 ಜಾಸ್ತಿ’ ಅಂತಿದ್ದಾರೆ. ಮಗಳ ಪಿಯುಸಿ ಫೀಸು ಕಟ್ಟಬೇಕು. ಏನು ಮಾಡ್ಲಿ?

ಉತ್ತರ (ಕಾರ್ಮಿಕ ವಕೀಲರು): ಬರೀಬೇಡಿಮ್ಮ. ಮೊದಲು ಲೆಕ್ಕ ನೋಡಿ. ಗ್ರಾಚ್ಯುಟಿ ಅಂದರೆ ವರ್ಷಕ್ಕೆ 15 ದಿನದ ಸಂಬಳ, ತಿಂಗಳಿಗೆ 26 ದಿನದ ಲೆಕ್ಕದಲ್ಲಿ. ನಿಮ್ಮ ದಿನದ ಸಂಬಳ 500, ಹದಿನೈದು ದಿನಕ್ಕೆ 7,500, ಒಂಬತ್ತು ವರ್ಷಕ್ಕೆ 67,500. ಐದು ವರ್ಷ ದಾಟಿರೋದರಿಂದ ರಾಜೀನಾಮೆ ಕೊಟ್ಟರೂ ಇದು ನಿಮ್ಮದೇ. ಪಿಎಫ್ ಕೂಡ ನಿಮ್ಮದೇ. ಇವೆರಡನ್ನೂ ಅವರು ಉಪಕಾರ ಮಾಡಿದ ಹಾಗೆ ಹೇಳಿದರೆ ಒಪ್ಪಬೇಡಿ.

ರಾಜೀನಾಮೆ ಬರೆದರೆ ಹೋಗೋದು ಬೇರೆ ದುಡ್ಡು. ಕೆಲಸ ನಡೆಯುವ ಜಾಗವನ್ನು ಶಾಶ್ವತವಾಗಿ ಮುಚ್ಚಿದರೆ ಗ್ರಾಚ್ಯುಟಿಯ ಮೇಲೆ ವರ್ಷಕ್ಕೆ 15 ದಿನದ ಸರಾಸರಿ ಸಂಬಳ ಪರಿಹಾರ ಕೊಡಬೇಕು. ನಿಮ್ಮ ಲೆಕ್ಕದಲ್ಲಿ ಅದು 50 ಸಾವಿರಕ್ಕೂ ಮೇಲೆ. ಅದನ್ನು 20,000ಕ್ಕೆ ಬಿಡಿಸಿಕೊಳ್ಳೋಕೆ ಆ ಬಿಳಿ ಹಾಳೆ.

ಇನ್ನೊಂದು ಕಾರಣವೂ ಇದೆ. ಮೊದಲು 100 ಜನರಿದ್ದ ಕಾರ್ಖಾನೆ ಮುಚ್ಚೋಕೂ ಸರ್ಕಾರದ ಅನುಮತಿ ಬೇಕಿತ್ತು. 2025ರ ನವೆಂಬರ್ 21ರಿಂದ ಜಾರಿಯಾದ ಹೊಸ ಕಾರ್ಮಿಕ ಕಾನೂನಿನಲ್ಲಿ (ಕೈಗಾರಿಕಾ ಸಂಬಂಧಗಳ ಸಂಹಿತೆ) ಆ ಮಿತಿ 300ಕ್ಕೆ ಏರಿದೆ. ಸಾವಿರಾರು ಸಣ್ಣ ಕಾರ್ಖಾನೆಗಳ ಕೆಲಸಗಾರರಿಗೆ ಇದರಿಂದ ಅನ್ಯಾಯವಾಗಿದೆ, ನಾನಂತೂ ಇದನ್ನು ಒಪ್ಪಲ್ಲ. ಆದರೆ ನೀವು 450 ಜನ. ಮುಚ್ಚೋಕೆ 90 ದಿನ ಮೊದಲೇ ಅರ್ಜಿ ಹಾಕಿ ಅನುಮತಿ ತಗೋಬೇಕು. ಎಲ್ಲರೂ ‘ತಾವಾಗೇ’ ಬಿಟ್ಟುಹೋದರೆ ಅರ್ಜಿಯೇ ಬೇಡ ನೋಡಿ! ಅದಕ್ಕೇ ಗುಂಪಾಗಿ ಕರೆಯಲ್ಲ, ಒಬ್ಬೊಬ್ಬರನ್ನೇ ಕರೀತಾರೆ. ಈಗ ನೂರಾರು ಜನ ಬಿಟ್ಟರೂ ಹೆದರಬೇಡಿ, 300ರ ಲೆಕ್ಕ ಹಿಂದಿನ 12 ತಿಂಗಳ ಸರಾಸರಿ ಮೇಲೆ.

ಪ್ರಶ್ನೆ: ನನ್ನ ಪಕ್ಕದ ಮೆಷಿನ್ನಿನ ಅಕ್ಕ ನಿನ್ನೆ ಅಳ್ತಾನೇ ಬರೆದುಕೊಟ್ಟುಬಿಟ್ರು.

ಉತ್ತರ: ಇವತ್ತೇ ಇನ್ನೊಂದು ಪತ್ರ ಬರೆಸಿ: ‘ರೂಮಿಗೆ ಕರೆದು ಒತ್ತಾಯದಿಂದ ಬರೆಸಿಕೊಂಡರು, ಆ ರಾಜೀನಾಮೆ ವಾಪಸ್ ತಗೋತಿದ್ದೀನಿ, ಕೆಲಸಕ್ಕೆ ಬರೋಕೆ ಸಿದ್ಧಳಿದ್ದೀನಿ.’ ಕರೆದ ದಿನ, ಹೊತ್ತು, ಅಲ್ಲಿ ಯಾರಿದ್ದರು ಎಲ್ಲವೂ ಇರಲಿ. ಸ್ಪೀಡ್ ಪೋಸ್ಟಲ್ಲಿ ಮ್ಯಾನೇಜ್ಮೆಂಟಿಗೆ, ಒಂದು ಪ್ರತಿ ಕಾರ್ಮಿಕ ಇಲಾಖೆಗೆ. ತಿಂಗಳು ಬಿಟ್ಟು ಬರೆದರೆ ಯಾರೂ ನಂಬಲ್ಲ, ಮಾರನೇ ದಿನದ ಅಂಚೆ ಮುದ್ರೆಗೆ ಬೆಲೆ ಇದೆ.

ಪ್ರಶ್ನೆ: ಯೂನಿಯನ್ ಸೇರಿದರೆ ಬೇರೆ ಫ್ಯಾಕ್ಟರಿಯಲ್ಲೂ ಕೆಲಸ ಕೊಡಲ್ಲ ಅಂತ ಸೂಪರ್‌ವೈಸರ್ ಹೆದರಿಸ್ತಾರೆ.

ಉತ್ತರ: ಯೂನಿಯನ್ ಸೇರಿದ್ದಕ್ಕೆ ಹೀಗೆ ಹೆದರಿಸೋದು, ಕೆಲಸದಿಂದ ತೆಗೆಯೋದು ಕಾನೂನಿನಲ್ಲೇ ತಪ್ಪು. ಆದರೂ ನಿಮ್ಮ ಭಯ ಸುಳ್ಳಲ್ಲಮ್ಮ, ಒಬ್ಬರೇ ಹೋದರೆ ಕಷ್ಟವೇ. 2016ರ ಏಪ್ರಿಲ್ ನೆನಪು ಮಾಡ್ಕೊಳ್ಳಿ. ಪಿಎಫ್‌ನಲ್ಲಿ ಮಾಲೀಕರ ಪಾಲನ್ನು 58 ವರ್ಷದವರೆಗೆ ತೆಗೆಯಬಾರದು ಅಂತ ಕೇಂದ್ರ ನಿಯಮ ಮಾಡಿದಾಗ ನಿಮ್ಮಂಥ ಹೆಣ್ಣುಮಕ್ಕಳೇ ಸಾವಿರಗಟ್ಟಲೆ ಹೊಸೂರು ರಸ್ತೆಗೆ ಇಳಿದರು. ಎರಡೇ ದಿನ, 19ನೇ ತಾರೀಕು ನಿಯಮ ವಾಪಸ್ ಆಯ್ತು.

ಹೊಸ ಯೂನಿಯನ್ ನೋಂದಾಯಿಸೋಕೆ ಕೆಲಸಗಾರರ ಹತ್ತರಲ್ಲೊಂದು ಪಾಲು ಸದಸ್ಯರಿರಬೇಕು, ನಿಮಗೆ 45 ಜನ. ಅದು ನಿಧಾನಕ್ಕೆ ಆಗಲಿ. ಸದ್ಯ ಇಪ್ಪತ್ತು ಜನ ಸಹಿ ಹಾಕಿದ ದೂರು ತಗೊಂಡು ಬನ್ನೇರುಘಟ್ಟ ರಸ್ತೆಯ ಕಾರ್ಮಿಕ ಭವನಕ್ಕೆ ಹೋಗಿ. ಸಂಬಳದ ಚೀಟಿ, ಇಎಸ್‌ಐ ಕಾರ್ಡು, ನೇಮಕಾತಿ ಪತ್ರದ ಜೆರಾಕ್ಸ್ ಇರಲಿ. ಆ ಪತ್ರದಲ್ಲಿ ‘ವರ್ಗಾವಣೆ’ ಅಂತ ಏನಾದರೂ ಬರೆದಿದ್ದರೆ ಮೊದಲು ನನಗೆ ಫೋಟೋ ಕಳಿಸಿ. ಮೆಷಿನ್ನು ಸಾಗಿಸಿದ ತಾರೀಕೂ ಬರೆದಿಡಿ.

ಪ್ರಶ್ನೆ: ಲಾರಿ ನಂಬರ್ ಕೂಡ ಬರೆದಿಟ್ಟಿದ್ದೀನಿ ಸರ್.

ಉತ್ತರ: ಒಳ್ಳೇದಾಯ್ತು ತಾಯಿ. ಅದನ್ನೂ ದೂರಿನಲ್ಲಿ ಸೇರಿಸಿ.