ಪಿಎಂ 2.5 ನಕ್ಷೆ: ಪ್ರತಿ ಸೆನ್ಸರ್ ಸುತ್ತ ಗುರಿಹಲಗೆ, ಬೆಳಗಿನ ಜಾವ ಊರೆಲ್ಲ ಕೆಂಪು

ನಕ್ಷೆಹುಳು:

ದೊಡ್ಡ ನಗರವೊಂದರ ಪಿಎಂ 2.5 (2.5 ಮೈಕ್ರಾನ್‌ವರೆಗಿನ ಸಣ್ಣ ದೂಳಿನ ಕಣ) ನಕ್ಷೆ ಮಾಡಬೇಕಾಗಿದೆ. ಹರವು ಸುಮಾರು 600 ಚದರ ಕಿಲೋಮೀಟರ್. 60 ಕಡೆ ಪ್ಲಾಂಟವರ್ ಪಿಎಂಎಸ್ 5003 ದೂಳಿನ ಸೆನ್ಸರ್, ಪ್ರತಿ ಡಬ್ಬಿಯಲ್ಲೂ ತೇವಾಂಶಕ್ಕೆ ಬಿಎಂಇ 280, ಎರಡು ನಿಮಿಷಕ್ಕೊಂದು ರೀಡಿಂಗ್. ಬೀಟಾ ಮಾಪಕ (ಬೀಟಾ ವಿಕಿರಣದಿಂದ ದೂಳಿನ ತೂಕ ಅಳೆಯುವ ಯಂತ್ರ) ಇರುವ ಅಧಿಕೃತ ಕೇಂದ್ರಗಳು 4. ನಕ್ಷೆ ತಂತ್ರಾಂಶ ಕ್ಯೂಜಿಐಎಸ್‌ನಲ್ಲಿ ಐಡಿಡಬ್ಲ್ಯೂ (ಹತ್ತಿರದ ಸೆನ್ಸರ್‌ಗೆ ಹೆಚ್ಚು ತೂಕ ಕೊಟ್ಟು ನಡುವಿನ ಜಾಗ ತುಂಬುವ ವಿಧಾನ) ಹಾಕಿದರೆ ಎರಡು ತೊಂದರೆ. ಪ್ರತಿ ಸೆನ್ಸರ್ ಸುತ್ತ ಗುರಿಹಲಗೆ ಥರ ವೃತ್ತಗಳು. ಬೆಳಗಿನ ಜಾವ 4ರಿಂದ 7ರ ತನಕ ಇಡೀ ನಗರ ಕೆಂಪು: ಕೇಂದ್ರದ ಯಂತ್ರ ಘನ ಮೀಟರ್‌ಗೆ 50 ಮೈಕ್ರೋಗ್ರಾಂ ಅಂದರೆ ಅದರ ಪಕ್ಕದ ನಮ್ಮ ಡಬ್ಬಿ 140 ಅನ್ನುತ್ತೆ. ಸೆನ್ಸರ್‌ಗಳನ್ನು 200ಕ್ಕೆ ಏರಿಸಿದರೆ ಸರಿಹೋಗುತ್ತಾ? ಇಲ್ಲಾ ಕ್ರಿಗಿಂಗ್‌ಗೆ (ದೂರ ಹೆಚ್ಚಿದಂತೆ ರೀಡಿಂಗ್ ಎಷ್ಟು ಬದಲಾಗುತ್ತೆ ಅಂತ ದತ್ತಾಂಶದಿಂದಲೇ ಕಂಡುಕೊಂಡು ಅಂದಾಜು ಮಾಡುವ ವಿಧಾನ) ಹೋಗಬೇಕಾ?

ದೂಳುಮಾಪಕ:

ಎರಡನೇ ತೊಂದರೆಯನ್ನು ಮೊದಲು ಬಗೆಹರಿಸಿ. ತಪ್ಪು ಅಂಕಿ ಇಟ್ಟುಕೊಂಡು ಯಾವ ಇಂಟರ್‌ಪೊಲೇಶನ್ (ಸೆನ್ಸರ್ ಇಲ್ಲದ ಕಡೆಯ ಅಂದಾಜು) ಮಾಡಿದರೂ ಬಣ್ಣ ಬದಲಾಗುತ್ತೆ ಅಷ್ಟೇ.

ಪಿಎಂಎಸ್ 5003 ದೂಳನ್ನು ತೂಗಲ್ಲ. ಲೇಸರ್ ಬೆಳಕು ಕಣಕ್ಕೆ ಬಡಿದು ಎಷ್ಟು ಚದುರಿತು ಅಂತ ನೋಡಿ ತೂಕ ಅಂದಾಜು ಮಾಡುತ್ತೆ. ಬೆಳಗಿನ ಜಾವ ತೇವಾಂಶ ಏರಿದಾಗ ಸಲ್ಫೇಟ್, ನೈಟ್ರೇಟ್ ಕಣಗಳು ನೀರು ಹೀರಿ ಉಬ್ಬುತ್ತವೆ. ಬೀಟಾ ಮಾಪಕ ಒಳಗೆ ಎಳೆದ ಗಾಳಿಯನ್ನು ಬಿಸಿ ಮಾಡಿ ಒಣಗಿಸುತ್ತೆ, ನಿಮ್ಮ ಡಬ್ಬಿ ಆ ನೀರನ್ನೂ ದೂಳಿನ ಲೆಕ್ಕಕ್ಕೆ ಹಾಕುತ್ತೆ. ಸಾಮಾನ್ಯವಾಗಿ ಬಳಸೋ ತಿದ್ದುಪಡಿ ಗುಣಕ ಹೀಗಿದೆ:

ಗುಣಕ = 1 + (ಕಪ್ಪಾ ÷ 1.65) ÷ (1 ÷ ತೇವಾಂಶ − 1)

ತೇವಾಂಶ ಇಲ್ಲಿ 0ರಿಂದ 1ರೊಳಗಿನ ಸಂಖ್ಯೆ. ಕಪ್ಪಾ ಅಂದರೆ ಕಣ ಎಷ್ಟು ನೀರು ಹೀರುತ್ತೆ ಅನ್ನೋದರ ಅಳತೆ. ಉದಾಹರಣೆಗೆ 0.4 ಅಂತಿಟ್ಟುಕೊಳ್ಳಿ. ಶೇ. 50ರಲ್ಲಿ ಗುಣಕ 1.24, ಶೇ. 80ರಲ್ಲಿ 1.97, ಶೇ. 90ರಲ್ಲಿ 3.18, ಶೇ. 95ರಲ್ಲಿ 5.6. ನಿಮ್ಮ 140ನ್ನು 50ರಿಂದ ಭಾಗಿಸಿದರೆ 2.8 ಬರುತ್ತೆ, ಅದು ಹೆಚ್ಚುಕಡಿಮೆ ಶೇ. 88 ತೇವಾಂಶಕ್ಕೆ ಕೂರುತ್ತೆ. ಆ ಹೊತ್ತಿನ ಬಿಎಂಇ ರೀಡಿಂಗ್ ತೆಗೆದು ನೋಡಿ, ಅದರ ಆಸುಪಾಸಿನಲ್ಲೇ ಇದ್ದರೆ ಕಳ್ಳ ಸಿಕ್ಕಿಬಿದ್ದ ಹಾಗೆ.

ಆದರೆ ಬಿಎಂಇ 280ರ ನಿಖರತೆಯೇ ಹೆಚ್ಚುಕಡಿಮೆ ಶೇ. 3. ತೇವಾಂಶ 88ರ ಬದಲು 85 ಅಂತ ಓದಿದರೆ ಅದೇ 140 ತಿದ್ದಿದ ಮೇಲೆ 59 ಆಗುತ್ತೆ, 91 ಅಂತ ಓದಿದರೆ 41. ಇದರಿಂದಾಗಿಯೇ ಶೇ. 90 ದಾಟಿದ ರೀಡಿಂಗ್‌ಗಳನ್ನು ತಿದ್ದುವ ಗೋಜಿಗೆ ಹೋಗದೆ ಬಿಟ್ಟುಬಿಡುವುದು ಲೇಸು. ಮಂಜು ಬಿದ್ದಾಗಲಂತೂ ಹನಿಗಳನ್ನೇ ಎಣಿಸುತ್ತಿರುತ್ತೆ. ಇನ್ನೊಂದು ವಿಷಯ, ಡಬ್ಬಿಯೊಳಗಿನ ಬೋರ್ಡ್ ಬಿಸಿಯಾಗೋದರಿಂದ ಒಳಗಿನ ತೇವಾಂಶ ಹೊರಗಿನದಕ್ಕಿಂತ ಕಮ್ಮಿ ತೋರಿಸುತ್ತೆ. ಕಪ್ಪಾ ಲೆಕ್ಕ ಮಾಡುವಾಗ ಯಾವ ತೇವಾಂಶ ತಗೊಂಡಿರೋ, ತಿದ್ದುವಾಗಲೂ ಅದನ್ನೇ ತಗೊಳ್ಳಿ. ಅಮೆರಿಕದ ಪರಿಸರ ಸಂಸ್ಥೆ ಇಪಿಎಯ ತಿದ್ದುಪಡಿ ಸೂತ್ರವನ್ನು ಹಾಗೇ ಎತ್ತಿ ಹಾಕೋರು ಬಹಳ ಜನ. ಅದರ ಗುಣಾಂಕಗಳು ಅಲ್ಲಿನ ದತ್ತಾಂಶಕ್ಕೆ ಹೊಂದಿಸಿದ್ದು, ಬೇರೆ ಊರಿನ ದೂಳಿಗೆ ಹೊಂದಲೇಬೇಕು ಅಂತೇನಿಲ್ಲ.

ನಿಮ್ಮದೇ ಗುಣಾಂಕ ಬೇಕಂದರೆ 60 ಡಬ್ಬಿಗಳನ್ನೂ ಒಂದು ಅಧಿಕೃತ ಕೇಂದ್ರದ ಪಕ್ಕ, ಅದರ ಒಳನಾಳದ ಎತ್ತರದಲ್ಲೇ, ಕನಿಷ್ಠ ಎರಡು ವಾರ ಒಟ್ಟಿಗೆ ನಿಲ್ಲಿಸಿ. ಒಂದೊಂದಕ್ಕೂ ಬೇರೆ ಸ್ಲೋಪ್ (ಗುಣಿಸುವ ಅಂಕಿ), ಬೇರೆ ಆಫ್‌ಸೆಟ್ (ಕೂಡಿಸುವ ಅಂಕಿ). ಗಂಟೆವಾರು ಬೀಟಾ ರೀಡಿಂಗ್‌ನಲ್ಲೇ ಗದ್ದಲ ಜಾಸ್ತಿ, ಮಾಲಿನ್ಯ ಕಮ್ಮಿ ಇರುವ ದಿನಗಳಲ್ಲಿ 24 ಗಂಟೆ ಸರಾಸರಿ ಹೋಲಿಸಿ. ಹೋಲಿಸುವ ಮುಂಚೆ ಗಡಿಯಾರ ನೋಡಿಕೊಳ್ಳಿ: ಕೇಂದ್ರದ ಸಮಯಮುದ್ರೆ ಗಂಟೆಯ ಶುರುವಿನದೋ ಕೊನೆಯದೋ, ನಿಮ್ಮ ಸರ್ವರ್ ಯುಟಿಸಿಯಲ್ಲಿ (ಜಾಗತಿಕ ಸಮಯ) ಬರೆಯುತ್ತಿದೆಯೋ. ಒಂದೊಂದೇ ಗಂಟೆ ಮುಂದೆ ಹಿಂದೆ ಸರಿಸಿ ಕೋರಿಲೇಶನ್ (ಎರಡರ ಏರಿಳಿತದ ಹೊಂದಿಕೆ) ನೋಡಿದರೆ ತಕ್ಷಣ ಗೊತ್ತಾಗುತ್ತೆ. ಎರಡು ಮೂರು ಡಬ್ಬಿ ಖಾಯಂ ಅಲ್ಲೇ ಇರಲಿ, ಋತು ಬದಲಾದಾಗ ಗುಣಾಂಕ ಜಾರಿದ್ದು ಅವುಗಳಿಂದ ತಿಳಿಯುತ್ತೆ.

ಪಿಎಂಎಸ್ ಎರಡು ಕಾಲಂ ಕೊಡುತ್ತೆ, ‘ಸಿಎಫ್ 1’ ಮತ್ತು ‘ಅಟ್ಮಾಸ್ಫೆರಿಕ್’. ಮಾಲಿನ್ಯ ಕಮ್ಮಿ ಇದ್ದಾಗ ಎರಡೂ ಒಂದೇ, ಏರಿದಾಗ ಬೇರೆಯಾಗುತ್ತವೆ. 60 ಡಬ್ಬಿಯೂ ಒಂದೇ ಕಾಲಂ ಬರೆಯುತ್ತಿವೆಯಾ ನೋಡಿ. ಫರ್ಮ್‌ವೇರ್ ಎರಡು ಆವೃತ್ತಿ ಇದ್ದರೆ ಇಲ್ಲೇ ಎಡವಟ್ಟಾಗೋದು.

ಇಳಿಜಾರು:

ಗುರಿಹಲಗೆ ವಿಷಯಕ್ಕೆ ಬರೋಣ. ಐಡಿಡಬ್ಲ್ಯೂ ಕೊಡುವ ಅಂಕಿ ಯಾವತ್ತೂ ಅತಿ ಹೆಚ್ಚಿನ ರೀಡಿಂಗ್ ದಾಟಲ್ಲ, ಅತಿ ಕಡಿಮೆಗಿಂತ ಕೆಳಗೂ ಇಳಿಯಲ್ಲ. ಹಾಗಾಗಿ ಗುಡ್ಡವೋ ಗುಂಡಿಯೋ, ಸೆನ್ಸರ್ ಇರೋ ಜಾಗದಲ್ಲೇ ಮೂಡಬೇಕು. ಎರಡು ಸೆನ್ಸರ್ ನಡುವೆ ಹತ್ತು ಸಾಲಿನ ಹೆದ್ದಾರಿ ಹಾದುಹೋಗಿದ್ದರೂ ಅದಕ್ಕೆ ಗೊತ್ತಾಗಲ್ಲ. ಆರ್ಡಿನರಿ ಕ್ರಿಗಿಂಗ್ ವೃತ್ತಗಳನ್ನು ನಯ ಮಾಡುತ್ತೆ, ಅನಿಶ್ಚಿತತೆಯ ಅಂದಾಜನ್ನೂ ಕೊಡುತ್ತೆ, ಹೆದ್ದಾರಿ ಮಾತ್ರ ಅದಕ್ಕೂ ಕಾಣಲ್ಲ. 200 ಸೆನ್ಸರ್ ಹಾಕಿದರೂ 3 ಚದರ ಕಿಲೋಮೀಟರ್‌ಗೆ ಒಂದಾಯಿತು. ರಸ್ತೆಯ ಹೊಗೆ ಕೆಲವು ನೂರು ಮೀಟರ್‌ನೊಳಗೆ ಕರಗಿ ಹಿನ್ನೆಲೆಯ ಮಟ್ಟಕ್ಕೆ ಬಂದುಬಿಡುತ್ತೆ.

ಅದಕ್ಕೇ ಲ್ಯಾಂಡ್ ಯೂಸ್ ರಿಗ್ರೆಶನ್, ಅಂದರೆ ಸುತ್ತಲಿನ ನೆಲದ ಬಳಕೆಯಿಂದ ಮಾಲಿನ್ಯ ಅಂದಾಜು ಮಾಡುವ ಸೂತ್ರ. ಪ್ರತಿ ಸೆನ್ಸರ್ ಸುತ್ತ 50, 100, 300, 1000 ಮೀಟರ್ ಬಫರ್ (ಆ ದೂರದ ವೃತ್ತ) ಎಳೆದು ಅದರೊಳಗಿನ ಮುಖ್ಯರಸ್ತೆಯ ಉದ್ದ, ಜನಸಾಂದ್ರತೆ, ಕೈಗಾರಿಕೆಯ ಜಾಗ, ಹಸಿರು ಇವನ್ನು ಲೆಕ್ಕ ಹಾಕಿ. ತಿದ್ದಿದ ಸರಾಸರಿಯನ್ನು ಅವುಗಳ ಮೇಲೆ ರಿಗ್ರೆಸ್ ಮಾಡಿ, ಸೂತ್ರಕ್ಕೆ ಸಿಗದೆ ಉಳಿದ ಶೇಷಕ್ಕೆ ಬೇಕಾದರೆ ಕ್ರಿಗಿಂಗ್. ಯುರೋಪಿನ ಎಸ್ಕೇಪ್ ವಾಯುಮಾಲಿನ್ಯ ಅಧ್ಯಯನ ಯೋಜನೆಯಲ್ಲಿ ಒಂದೊಂದು ಪ್ರದೇಶಕ್ಕೆ ಪಿಎಂಗೆ ಸುಮಾರು 20 ತಾಣ, ನೈಟ್ರೋಜನ್ ಡೈಆಕ್ಸೈಡ್‌ಗೆ 40 ತಾಣ ಇಟ್ಟು ಹೀಗೇ ಮಾಡಿದ್ದು. ನಿಮ್ಮ 60 ಸಾಲದು ಅಂತಲ್ಲ, ಎಲ್ಲಿಟ್ಟಿದ್ದೀರಿ ಅನ್ನೋದೇ ಪ್ರಶ್ನೆ. ಎಲ್ಲವೂ ಕಚೇರಿ ಮಹಡಿ ಮೇಲಿದ್ದರೆ ಮಾದರಿಗೆ ಕಲಿಯಲು ಏನೂ ಸಿಗಲ್ಲ. ಮೂರನೇ ಒಂದು ಭಾಗ ರಸ್ತೆಯಂಚು, ಉಳಿದವು ಬಡಾವಣೆಯ ಒಳಗೆ, ನಾಲ್ಕೈದು ನಗರದ ಹೊರಗೆ ಗಾಳಿ ಬರುವ ಕಡೆ.

60 ತಾಣಕ್ಕೆ ಐದಾರು ಚರಾಂಶ (ರಸ್ತೆಯ ಉದ್ದ, ಹಸಿರು ಇಂಥವು) ಸಾಕು. ರಸ್ತೆ ಹೆಚ್ಚಾದರೆ ಮಾಲಿನ್ಯ ಕಮ್ಮಿ ಅಂತ ಗುಣಾಂಕದ ಚಿಹ್ನೆ ಬಂದರೆ ಆರ್-ಸ್ಕ್ವೇರ್ (ಸೂತ್ರ ಎಷ್ಟು ಹೊಂದುತ್ತೆ ಅನ್ನೋ ಅಂಕ) ಎಷ್ಟೇ ಚೆನ್ನಾಗಿರಲಿ, ಆ ಚರಾಂಶ ಕಿತ್ತುಹಾಕಿ. ನಕ್ಷೆ ಬರೆಯುವಾಗ ಚರಾಂಶದ ಬೆಲೆ ನಿಮ್ಮ ತಾಣಗಳಲ್ಲಿ ಕಂಡ ಗರಿಷ್ಠ ಮೀರಿದರೆ ಗರಿಷ್ಠಕ್ಕೇ ನಿಲ್ಲಿಸಿ. ಇಲ್ಲದಿದ್ದರೆ ಎರಡು ಹೆದ್ದಾರಿ ಕೂಡುವ ಕಡೆ ಅಸಂಬದ್ಧ ಅಂಕಿ ಬರುತ್ತೆ. ಪರೀಕ್ಷೆಗೆ ಒಂದೊಂದೇ ತಾಣ ಬಿಟ್ಟು ನೋಡುವುದು ಸಾಲದು, ನೆರೆಯ ಸೆನ್ಸರ್ ಉತ್ತರ ಹೇಳಿಕೊಟ್ಟುಬಿಡುತ್ತೆ. ನಗರವನ್ನು ಏಳೆಂಟು ತುಂಡು ಮಾಡಿ, ಒಂದಿಡೀ ತುಂಡು ಬಿಟ್ಟು ನೋಡಿ.

ಎಕ್ಯೂಐ (ವಾಯು ಗುಣಮಟ್ಟ ಸೂಚ್ಯಂಕ) ಅಂಕಿಯನ್ನು ಇಂಟರ್‌ಪೊಲೇಟ್ ಮಾಡಬೇಡಿ. ಅದು ಹಲವು ಉಪಸೂಚ್ಯಂಕಗಳಲ್ಲಿ ದೊಡ್ಡದನ್ನು ಆರಿಸಿದ್ದು, ಸರಾಸರಿಗೆ ಅರ್ಥವಿಲ್ಲ. ಮೈಕ್ರೋಗ್ರಾಂನಲ್ಲೇ ನಕ್ಷೆ ಮುಗಿಸಿ, ಆಮೇಲೆ ಬಣ್ಣಕ್ಕೆ ಬದಲಿಸಿ.

ಸಿಗ್ನಲ್_ಬಳಿ:

ಇಳಿಜಾರು ಹೇಳಿದ್ದರಲ್ಲಿ ಒಂದು ತಕರಾರು. ಪಿಎಂ 2.5ರ ದೊಡ್ಡ ಪಾಲು ಹೊರಗಿಂದ ತೇಲಿ ಬಂದದ್ದು, ಇಲ್ಲವೇ ಗಾಳಿಯಲ್ಲೇ ಹುಟ್ಟಿದ್ದು. ಅದು ನಗರದ ಮೇಲೆ ಕಂಬಳಿ ಹೊದಿಸಿದ ಹಾಗೆ ಇರುತ್ತೆ. ಬೀದಿ ಬೀದಿಗೆ ವ್ಯತ್ಯಾಸ ಕಾಣಬೇಕಂದರೆ ನೈಟ್ರೋಜನ್ ಡೈಆಕ್ಸೈಡ್ ಅಥವಾ ಕಪ್ಪು ಇಂಗಾಲ ಅಳೆಯಿರಿ. ಮೊದಲನೆಯದಕ್ಕೆ ಪಾಮ್ಸ್ ಟ್ಯೂಬ್ ಸಾಕು: ಸುಮಾರು 7 ಸೆಂ.ಮೀ. ಉದ್ದದ ಕೊಳವೆ, ಮೇಲ್ತುದಿಯ ಜಾಲರಿಗೆ ಟ್ರೈಎಥನಾಲಮೀನ್ ಲೇಪ, ಬಾಯಿ ಕೆಳಮುಖ. ವಿದ್ಯುತ್ ಬೇಡ. ಕಂಬಕ್ಕೆ ಮೂರು ಮೂರರಂತೆ ಕಟ್ಟಿ, ಎರಡರಿಂದ ನಾಲ್ಕು ವಾರ ಬಿಡಿ, ಜೊತೆಗೆ ಮುಚ್ಚಳ ತೆಗೆಯದ ಖಾಲಿ ಟ್ಯೂಬ್ ಕೆಲವನ್ನೂ ಲ್ಯಾಬ್‌ಗೆ ಕಳಿಸಿ. ಗಂಟೆವಾರು ಮಾಹಿತಿ ಸಿಗಲ್ಲ ಅನ್ನೋದೇ ಕೊರತೆ.

ವಾಹನಕ್ಕೆ ಉಪಕರಣ ಕಟ್ಟಿ ಓಡಿಸುವುದು ಇನ್ನೊಂದು ದಾರಿ. ಅಮೆರಿಕದ ಓಕ್ಲೆಂಡ್‌ನಲ್ಲಿ 2015–16ರಲ್ಲಿ ಗೂಗಲ್ ಸ್ಟ್ರೀಟ್ ವ್ಯೂ ಕಾರುಗಳು ಹೀಗೆ ಓಡಾಡಿ 30 ಮೀಟರ್ ತುಂಡುಗಳ ನಕ್ಷೆ ಕೊಟ್ಟವು. ಒಂದೇ ಬೀದಿಯಲ್ಲೂ ಹಲವು ಪಟ್ಟು ವ್ಯತ್ಯಾಸ ಕಂಡಿತ್ತು. ಅಲ್ಲಿ ತಿಳಿದದ್ದು, ಬೇರೆ ಬೇರೆ ದಿನ 10–20 ಸಲ ಹಾದರೆ ಚಿತ್ರ ನಿಲ್ಲುತ್ತೆ ಅಂತ. ಸರಾಸರಿ ಬೇಡ, ಮೀಡಿಯನ್ (ಏರಿಕೆ ಕ್ರಮದಲ್ಲಿಟ್ಟಾಗ ನಡುವಿನ ಅಂಕಿ) ತಗೊಳ್ಳಿ, ಮುಂದೆ ಹೋದ ಒಂದು ಲಾರಿ ಸರಾಸರಿ ಕೆಡಿಸುತ್ತೆ. ಪಿಎಂಎಸ್ 5003 ಮಾತ್ರ ಓಡುವ ಗಾಡಿಗೆ ಸಲ್ಲ: ಅದರ ಪುಟ್ಟ ಫ್ಯಾನ್‌ನ ಗಾಳಿ ಓಟದ ರಭಸಕ್ಕೆ ಏರುಪೇರಾಗುತ್ತೆ.

ನಕ್ಷೆಹುಳು:

ಬಿಎಂಇ ಫೈಲ್ ತೆಗೆದೆ: 140 ಬಂದ ಗಂಟೆಯಲ್ಲಿ ಡಬ್ಬಿಯ ತೇವಾಂಶ 87. ಡಬ್ಬಿಗಳನ್ನು ಇಳಿಸಿ ಕೇಂದ್ರದ ಪಕ್ಕ ನಿಲ್ಲಿಸುತ್ತೇನೆ. ಎರಡು ಕೊನೆ ಪ್ರಶ್ನೆ: ಉಪಗ್ರಹದ ದತ್ತಾಂಶ ಸೇರಿಸಬಹುದಾ? ಅದೇ ಸೆನ್ಸರ್ ಕೊಡುವ ಪಿಎಂ 10 (10 ಮೈಕ್ರಾನ್‌ವರೆಗಿನ ಕಣ) ಕಾಲಮ್ಮಿಗೂ ಇದೇ ಕ್ರಮ ನಡೆಯುತ್ತಾ?

ದೂಳುಮಾಪಕ:

ಉಪಗ್ರಹ ಹಿನ್ನೆಲೆಗೆ ಸೈ, ಬೀದಿಗೆ ಅಲ್ಲ. ಟ್ರೊಪೋಮಿ ಎಂಬ ಉಪಗ್ರಹ ಉಪಕರಣದ ಚಿತ್ರದ ಒಂದು ಚುಕ್ಕೆ ಸುಮಾರು 5.5 × 3.5 ಕಿಲೋಮೀಟರ್. ಅದು ಹಾದುಹೋಗುವುದು ಮಧ್ಯಾಹ್ನ ಒಂದೂವರೆಯ ಹೊತ್ತಿಗೆ, ನೋಡುವುದು ನೆಲದಿಂದ ಮೇಲಿನ ಇಡೀ ಗಾಳಿಕಂಬವನ್ನು. ನಿಮ್ಮ ತಲೆನೋವಿನ ಬೆಳಗಿನ ಜಾವ ಅದಕ್ಕೆ ಕಾಣೋದೇ ಇಲ್ಲ.

ಪಿಎಂ 10 ಕಾಲಂ ಅಳಿಸಿಬಿಡಿ. ದಪ್ಪ ಕಣಗಳನ್ನು ಆ ಸೆನ್ಸರ್ ಸರಿಯಾಗಿ ಹಿಡಿಯೋದೇ ಇಲ್ಲ, ಸಣ್ಣ ಕಣಗಳ ಎಣಿಕೆಯಿಂದ ಊಹೆ ಮಾಡಿ ಬರೆಯುತ್ತೆ. ರಸ್ತೆಯಲ್ಲಿ ದೂಳೆದ್ದು ಕಣ್ಣಿಗೇ ಕಾಣುತ್ತಿದ್ದರೂ ಆ ಕಾಲಂ ಅಲ್ಲಾಡದೆ ಕೂತಿರುತ್ತೆ.