ಸಹಾಯ ಬೇಕು: ಬೋರ್ ನೀರು, ರೆಸಿನ್, ರೇಟು (ಕಿಟಕಿ ಗಾಜಿನ ಕೆಲಸ)

ಎಲ್ಲರಿಗೂ ನಮಸ್ಕಾರ. ಬೆಂಗಳೂರಲ್ಲಿ ಸ್ವಂತವಾಗಿ ಕಿಟಕಿ ಗಾಜು ತೊಳೆಯುವ ಕೆಲಸ. ಒಳಗಡೆ ತೊಂದರೆ ಇಲ್ಲ: ಒಂದು ಬಕೆಟ್ ನೀರಿಗೆ ನಾಲ್ಕೈದು ಹನಿ ಪಾತ್ರೆ ತೊಳೆಯುವ ಲಿಕ್ವಿಡ್, ಮೇಲಿಂದ ಕೆಳಗೆ ವೈಪರ್, ಪ್ರತಿ ಸಲ ಎಳೆದ ಮೇಲೆ ರಬ್ಬರ್ ಒರೆಸಿಕೊಂಡರೆ ಗೆರೆ ಬೀಳಲ್ಲ.

ಕಷ್ಟ ಇರುವುದು ಹೊರಗಡೆ, ಎರಡು-ಮೂರನೇ ಮಹಡಿಗೆ ಉದ್ದ ಕೋಲಿನ ಬ್ರಷ್‌ನಲ್ಲಿ ನೀರು ಹಾಯಿಸುವಾಗ. ಅಲ್ಲಿ ಒರೆಸೋಕೆ ಆಗಲ್ಲ, ನೀರು ತಾನಾಗಿಯೇ ಒಣಗಬೇಕು. ಟಿಡಿಎಸ್ (ನೀರಲ್ಲಿ ಕರಗಿರುವ ಲವಣದ ಪ್ರಮಾಣ) 10ರ ಒಳಗಿದ್ದರೆ ಕಲೆ ಉಳಿಯಲ್ಲ. ನಮ್ಮ ಬೋರ್ ನೀರು ಮೀಟರಿನಲ್ಲಿ 800 ತೋರಿಸುತ್ತೆ. ನೇರವಾಗಿ, ಲವಣ ಹಿಡಿದಿಡುವ ಸಣ್ಣ ಮಣಿಗಳಾದ ಡಿಐ ರೆಸಿನ್‌ಗೆ ಬಿಟ್ಟರೆ ರೆಸಿನ್ ಬಲುಬೇಗ ಸತ್ತುಹೋಗುತ್ತೆ. ಮೊದಲು ಆರ್‌ಒಗೆ ಬಿಟ್ಟರೆ 40ರ ಹತ್ತಿರ ಇಳಿಯುತ್ತೆ, ಆದರೆ ಮನೆ ಆರ್‌ಒ ಗಂಟೆಗೆ ಕೊಡುವುದು 12-15 ಲೀಟರ್, ಒಂದು ಮನೆಗೇ ಸುಮಾರು 100 ಲೀಟರ್ ಬೇಕು. ರಾತ್ರಿಯೆಲ್ಲ ಡ್ರಮ್‌ಗೆ ತುಂಬಿಸುವುದು ಬಿಟ್ಟು ಬೇರೆ ದಾರಿ ಇದೆಯಾ? ಮಿಕ್ಸ್ಡ್ ಬೆಡ್ ರೆಸಿನ್ (ಎರಡು ಬಗೆಯ ಮಣಿ ಬೆರೆಸಿದ ಡಿಐ ರೆಸಿನ್) 5-10 ಲೀಟರ್‌ನಂತೆ ಚಿಲ್ಲರೆಯಾಗಿ ಕೊಡುವ ಅಂಗಡಿ ಊರಲ್ಲಿ ಎಲ್ಲಿದೆ?

ಹಳೇ ಬಿಳಿ ಕಲೆಗೆ ಟಾಯ್ಲೆಟ್ ಆಸಿಡ್ ಹಾಕಿ ಅಂತ ಗ್ರಾಹಕರೇ ಹೇಳುತ್ತಾರೆ. ದಯವಿಟ್ಟು ಯಾರೂ ಹಾಕಬೇಡಿ, ಅಲ್ಯೂಮಿನಿಯಂ ಫ್ರೇಮ್ ಸುಟ್ಟು ಮಂಕಾಗುತ್ತೆ. ವಿನೆಗರ್ ಬಟ್ಟೆ ಹತ್ತು ನಿಮಿಷ ಅಂಟಿಸಿಟ್ಟರೂ ಹೋಗದ ಕಲೆಗೆ ನೀವು ಯಾವ ಪಾಲಿಶ್ ಪೌಡರ್ ಬಳಸುತ್ತೀರಿ?

ಇನ್ನೊಂದು, ಹೊಸ ಕಟ್ಟಡದ ಟಫನ್ಡ್ (ಕಾಯಿಸಿ ಗಟ್ಟಿ ಮಾಡಿದ) ಗಾಜು. ಸಿಮೆಂಟ್ ಹನಿ ಕೆರೆಯಲು ಬ್ಲೇಡ್ ಹಾಕಿದರೆ ಮೇಲ್ಮೈಯಲ್ಲಿ ಅಂಟಿದ ಗಾಜಿನ ಪುಡಿ ಎದ್ದು ಗೀರು ಬೀಳುತ್ತೆ, ಹೊಣೆ ನಮ್ಮ ತಲೆಗೆ. ಕೆಲಸ ಒಪ್ಪಿಕೊಳ್ಳುವ ಮುಂಚೆ ನೀವು ಏನಂತ ಬರೆಸಿಕೊಳ್ಳುತ್ತೀರಿ? ಇಂಥ ಕೆಲಸಕ್ಕೆ ರೇಟು ಚದರಡಿಗೋ, ದಿನಕ್ಕೋ? ಅನುಭವ ಇದ್ದವರು ತಿಳಿಸಿ.